ಯಾವ ನೀರಿಗೆ ಆರ್‌ಒ?

ಬೆಂಗಳೂರಿನ ಹೊರವಲಯದ ಅನೇಕ ಬಡಾವಣೆಗಳಲ್ಲಿ ಒಂದೇ ಸಂಪಿಗೆ ಒಂದೇ ವಾರದಲ್ಲಿ ಮೂರು ಬಗೆಯ ನೀರು ಬಂದು ಸೇರುತ್ತದೆ: ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು ಸುಮಾರು 100 ಕಿಲೋಮೀಟರ್ ದೂರ ಕೊಳವೆಯಲ್ಲಿ ಹರಿದು ಬರುವ ಕಾವೇರಿ ನೀರು, ಬಡಾವಣೆಯದೇ ಕೊಳವೆಬಾವಿಯಿಂದ ಎತ್ತಿದ ನೀರು, ಮತ್ತು ಎಲ್ಲಿ ತುಂಬಿಸಿಕೊಂಡು ಬಂದದ್ದೆಂದು ಕೊಳ್ಳುವವರಿಗೆ ತಿಳಿಯದ ಟ್ಯಾಂಕರ್ ನೀರು. ಮೂರೂ ಲೋಟದಲ್ಲಿ ಒಂದೇ ತೆರನಾಗಿ ತಿಳಿಯಾಗಿ ಕಾಣುತ್ತವೆಯಾದರೂ, ಅವುಗಳಲ್ಲಿ ಕರಗಿರುವ ವಸ್ತುಗಳ ಪ್ರಮಾಣವಾಗಲಿ ಸ್ವರೂಪವಾಗಲಿ ಒಂದೇ ಆಗಿರುವುದಿಲ್ಲ. ಹಾಗಿದ್ದರೂ ಅಡುಗೆಮನೆಗೆ ನೀರು ಶುದ್ಧೀಕರಿಸುವ ಯಂತ್ರ ಕೊಳ್ಳುವ ಸಂದರ್ಭ ಬಂದಾಗ ಹೆಚ್ಚಿನ ಮನೆಗಳಲ್ಲಿ ಚರ್ಚೆ ನಡೆಯುವುದು ಯಂತ್ರದ ಬಗ್ಗೆ. ಅದು ಎಷ್ಟು ಹಂತಗಳದ್ದು, ಅದರ ತೊಟ್ಟಿ ಎಷ್ಟು ಲೀಟರಿನದು, ಪಕ್ಕದ ಮನೆಯವರು ತಂದದ್ದು ಯಾವುದು ಎಂಬುದರ ಬಗ್ಗೆ. ಯಂತ್ರದೊಳಕ್ಕೆ ಹೋಗುವ ನೀರು ಎಂಥದು ಎಂಬ ಪ್ರಶ್ನೆಗೆ ಉತ್ತರ ಸಿಗುವ ಮುನ್ನವೇ ಆರ್‌ಒ ಗೋಡೆಯ ಮೇಲೆ ಕೂತಿರುತ್ತದೆ. ಈ ಕ್ರಮವನ್ನು ತಿರುಗಿಸಿ, ನೀರನ್ನು ಮೊದಲು ಅರಿತು ಯಂತ್ರವನ್ನು ಆಮೇಲೆ ಆರಿಸಿದರೆ, ಕೆಲವು ಮನೆಗಳಿಗೆ ಆರ್‌ಒ ಬೇಕೇ ಇಲ್ಲವೆಂದೂ, ಇನ್ನು ಕೆಲವು ಮನೆಗಳಿಗೆ ಅದಿಲ್ಲದೆ ಬೇರೆ ಸುಲಭದ ದಾರಿಯಿಲ್ಲವೆಂದೂ ಸ್ಪಷ್ಟವಾಗುತ್ತದೆ.

ಆರ್‌ಒ ಎಂದರೆ ಹಿಮ್ಮುಖ ಅಭಿಸರಣೆ. ನೀರನ್ನು ಮಾತ್ರ ಬಿಟ್ಟು ಲವಣಗಳನ್ನು ತಡೆಯುವ ತೆಳುವಾದ ಪೊರೆಯೊಂದರ ಒಂದು ಬದಿಗೆ ಸಪ್ಪೆ ನೀರನ್ನೂ ಮತ್ತೊಂದು ಬದಿಗೆ ಉಪ್ಪು ನೀರನ್ನೂ ಇಟ್ಟರೆ, ಸಪ್ಪೆ ನೀರು ತಾನಾಗಿಯೇ ಉಪ್ಪಿನ ಕಡೆಗೆ ಸಾಗುತ್ತದೆ. ಇದೇ ಅಭಿಸರಣೆ, ಗಿಡದ ಬೇರು ಮಣ್ಣಿನ ತೇವವನ್ನು ಹೀರಿಕೊಳ್ಳುವುದರ ಹಿಂದೆಯೂ ಇರುವ ಕ್ರಿಯೆ. ಫ್ರಾನ್ಸಿನ ಪಾದ್ರಿ ಮತ್ತು ವಿಜ್ಞಾನಿ ಜಾನ್ ಆಂತ್ವಾನ್ ನೊಲೆ ಇದನ್ನು 1748ರಲ್ಲಿಯೇ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಬಳಸಿ ಗಮನಿಸಿದ್ದರು. ಉಪ್ಪು ನೀರಿನ ಕಡೆಯಿಂದ ಸಾಕಷ್ಟು ಒತ್ತಡ ಹಾಕಿದರೆ ಹರಿವಿನ ದಿಕ್ಕು ಬದಲಾಗಿ, ಉಪ್ಪನ್ನು ಹಿಂದೆಯೇ ಬಿಟ್ಟು ನೀರು ಮಾತ್ರ ಈಚೆಗೆ ಬರುತ್ತದೆಂಬುದು ತಾತ್ವಿಕವಾಗಿ ಗೊತ್ತಿದ್ದರೂ, ಉಪಯೋಗಕ್ಕೆ ಬರುವಷ್ಟು ವೇಗದಲ್ಲಿ ನೀರನ್ನು ಬಿಡುವ ಪೊರೆ ಬಹುಕಾಲ ಸಿಕ್ಕಿರಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಅವರು 1960ರ ಸುಮಾರಿಗೆ ಸೆಲ್ಯುಲೋಸ್ ಅಸಿಟೇಟ್‌ನಿಂದ ಅಂಥ ಪೊರೆಯನ್ನು ತಯಾರಿಸಿದರು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗ ಎಂಬ ಸಣ್ಣ ಪಟ್ಟಣದ ಸವಳು ನೀರು ಈ ಕ್ರಮದಿಂದ ಕುಡಿಯಲು ಯೋಗ್ಯವಾಯಿತು. ಇಂದು ಮನೆಯ ಯಂತ್ರಗಳಲ್ಲಿರುವುದು 1970ರ ದಶಕದಲ್ಲಿ ಜಾನ್ ಕ್ಯಾಡೊಟ್ ಅಭಿವೃದ್ಧಿಪಡಿಸಿದ ಪಾಲಿಅಮೈಡ್ ಪದರದ ಪೊರೆ. ಇದು ಕರಗಿದ ಲವಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ತಡೆಯಬಲ್ಲದಾದರೂ ಕ್ಲೋರಿನ್ ತಾಗಿದರೆ ಹಾಳಾಗುತ್ತದೆ.

ನೀರಿನಲ್ಲಿ ಕರಗಿರುವ ಎಲ್ಲ ಘನವಸ್ತುಗಳ ಒಟ್ಟು ಮೊತ್ತವನ್ನು ಟಿಡಿಎಸ್ ಎನ್ನುತ್ತಾರೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗಾಗಿ ರೂಪಿಸಿರುವ ಐಎಸ್ 10500 ಎಂಬ ಮಾನಕದ ಪ್ರಕಾರ ಇದು ಲೀಟರಿಗೆ 500 ಮಿಲಿಗ್ರಾಂ ಮೀರದಿರುವುದು ಅಪೇಕ್ಷಣೀಯ. ಬೇರೆ ಮೂಲವೇ ಇಲ್ಲದ ಕಡೆ 2000 ಮಿಲಿಗ್ರಾಂವರೆಗೂ ಸಹಿಸಬಹುದು. ನೀರಿಗೆ ಗಡಸುತನ ತರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳಿಗೆ ಇದೇ ರೀತಿ 200 ಮತ್ತು 600 ಮಿಲಿಗ್ರಾಂಗಳ ಎರಡು ಮಿತಿಗಳಿವೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಅನಿವಾರ್ಯವಾದಲ್ಲಿಯೂ 1.5 ದಾಟಬಾರದು; ನೈಟ್ರೇಟ್ 45 ಮಿಲಿಗ್ರಾಂ ದಾಟುವಂತಿಲ್ಲ, ಅದಕ್ಕೆ ವಿನಾಯಿತಿಯೇ ಇಲ್ಲ. ಮಲಮೂಲದ ಬ್ಯಾಕ್ಟೀರಿಯಾಗಳಂತೂ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಕೂಡದು. ಈ ಅಂಕಿಗಳನ್ನು ಒಟ್ಟಿಗೆ ನೋಡಿದಾಗ ಒಂದು ಅಂಶ ಎದ್ದು ಕಾಣುತ್ತದೆ: ಟಿಡಿಎಸ್ ಎಂಬುದು ಒಂದು ಮೊತ್ತವೇ ಹೊರತು ವಿವರವಲ್ಲ. ಟಿಡಿಎಸ್ 400 ಇರುವ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಅದು ಮಕ್ಕಳ ಹಲ್ಲಿಗೂ ದೊಡ್ಡವರ ಮೂಳೆಗೂ ಹಾನಿಕರ. ಟಿಡಿಎಸ್ 700 ಇದ್ದು ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿದ್ದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ, ಅಷ್ಟೆ.

ಪೆನ್ನಿನಾಕಾರದ ಅಗ್ಗದ ಟಿಡಿಎಸ್ ಮೀಟರು ಹೇಳುವುದೂ ಈ ಮೊತ್ತವನ್ನು ಮಾತ್ರ, ಅದೂ ನೇರವಾಗಿ ಅಲ್ಲ. ನೀರು ವಿದ್ಯುತ್ತನ್ನು ಎಷ್ಟು ಹರಿಯಗೊಡುತ್ತದೆಂಬುದನ್ನು ಅಳೆದು, ಅದನ್ನೊಂದು ಗುಣಕದಿಂದ ಗುಣಿಸಿ ಅಂದಾಜು ಅಂಕಿ ತೋರಿಸುತ್ತದೆ. ಬ್ಯಾಕ್ಟೀರಿಯಾ, ಕೀಟನಾಶಕ, ಆರ್ಸೆನಿಕ್‌ಗಳ ಇರವು ಅದಕ್ಕೆ ಗೋಚರಿಸುವುದಿಲ್ಲ. ಮಾರಾಟಗಾರರು ಮನೆ ಬಾಗಿಲಲ್ಲಿ ತೋರಿಸುವ ಇನ್ನೊಂದು ಪ್ರಯೋಗದ ಬಗ್ಗೆ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ, ಏಕೆಂದರೆ ಅದನ್ನು ನೋಡಿ ಹೆದರಿ ಯಂತ್ರ ಕೊಂಡವರು ಬಹಳ. ಎರಡು ಲೋಟಗಳಲ್ಲಿ ಒಂದಕ್ಕೆ ನಲ್ಲಿ ನೀರು, ಮತ್ತೊಂದಕ್ಕೆ ಆರ್‌ಒ ನೀರು ತುಂಬಿ, ಲೋಹದ ಕಡ್ಡಿಗಳಿರುವ ಉಪಕರಣವೊಂದನ್ನು ಅವುಗಳಲ್ಲಿ ಅದ್ದಿ ವಿದ್ಯುತ್ ಹರಿಸಲಾಗುತ್ತದೆ. ಕ್ಷಣಗಳಲ್ಲಿ ನಲ್ಲಿ ನೀರು ಕಂದು ಹಸಿರಾಗಿ ಕದಡಿ ಮೇಲೆ ಕಸರು ಕಟ್ಟುತ್ತದೆ, ಆರ್‌ಒ ನೀರು ತಿಳಿಯಾಗಿಯೇ ಉಳಿಯುತ್ತದೆ. ಆ ಕಸರು ನೀರಿನಲ್ಲಿ ಮೊದಲೇ ಇದ್ದದ್ದಲ್ಲ. ಲವಣಗಳಿರುವ ನೀರಿನಲ್ಲಿ ವಿದ್ಯುತ್ ಹರಿದು ಕಬ್ಬಿಣದ ಕಡ್ಡಿಯೇ ಸವೆದು ಹೈಡ್ರಾಕ್ಸೈಡ್ ಆಗಿ ನೀರಿಗೆ ಬೀಳುತ್ತದೆ; ಆರ್‌ಒ ನೀರಿನಲ್ಲಿ ಲವಣ ತೀರ ಕಡಿಮೆ ಇರುವುದರಿಂದ ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ, ಕಡ್ಡಿಯೂ ಅಷ್ಟಾಗಿ ಸವೆಯುವುದಿಲ್ಲ. ಒಂದು ಚಿಟಿಕೆ ಅಡುಗೆ ಉಪ್ಪನ್ನು ಆರ್‌ಒ ನೀರಿಗೆ ಹಾಕಿ ಅದೇ ಪ್ರಯೋಗ ನಡೆಸಿದರೆ ಅದೂ ಹಾಗೆಯೇ ಕದಡುತ್ತದೆ. ಆರೋಗ್ಯದ ಭಯವನ್ನು ಬಳಸಿಕೊಂಡು ಜನರ ತೀರ್ಮಾನವನ್ನು ತಿರುಗಿಸುವ ಈ ಪದ್ಧತಿ ನಿಲ್ಲಬೇಕಾದದ್ದು.

ನಿಜವಾದ ಉತ್ತರ ಸಿಗುವುದು ಪ್ರಯೋಗಾಲಯದ ವರದಿಯಿಂದ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಜಿಲ್ಲೆಗಳ ನೀರಿನ ಗುಣಮಟ್ಟ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೂ ತೆರೆಯಲಾಗಿದ್ದು, ಅಲ್ಪ ಶುಲ್ಕಕ್ಕೆ ಮನೆಯ ನೀರನ್ನು ಪರೀಕ್ಷಿಸಿಕೊಳ್ಳಬಹುದು. ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಮತ್ತು ಬ್ಯಾಕ್ಟೀರಿಯಾ ಇಷ್ಟನ್ನಾದರೂ ನೋಡಿಸುವುದು ಒಳ್ಳೆಯದು. ಬೇಸಿಗೆಯ ಕೊನೆಯಲ್ಲಿ ಅಂತರ್ಜಲ ಇಳಿದು ಲವಣಗಳು ಸಾಂದ್ರವಾಗುವುದರಿಂದಲೂ, ಮಳೆಗಾಲದಲ್ಲಿ ಕೊಳೆ ನುಸುಳುವುದರಿಂದಲೂ, ಎರಡೂ ಕಾಲದಲ್ಲಿ ಒಮ್ಮೊಮ್ಮೆ ಪರೀಕ್ಷಿಸಿದರೆ ಚಿತ್ರ ಪೂರ್ಣವಾಗುತ್ತದೆ.

ಕರ್ನಾಟಕದ ನೀರು ನೆಲದಿಂದ ನೆಲಕ್ಕೆ ಬದಲಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಚಿತ್ರದುರ್ಗ, ಗದಗದ ಮುಂಡರಗಿ, ಕೊಪ್ಪಳ, ಬಳ್ಳಾರಿ, ರಾಯಚೂರು ಈ ಒಣನಾಡುಗಳ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ, ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಸಿಕ್ಕಷ್ಟೂ, ಅದು ಹೆಚ್ಚುವ ಸಂಭವ ಇರುತ್ತದೆ. ಹಲ್ಲಿನ ಮೇಲೆ ಹಳದಿ ಕಂದು ಪಟ್ಟೆಗಳು ಮೂಡಿ, ವರ್ಷಗಳ ನಂತರ ಬೆನ್ನು ಮತ್ತು ಕೀಲುಗಳು ಬಿಗಿದುಕೊಳ್ಳುವ ಫ್ಲೋರೋಸಿಸ್ ಈ ಭಾಗದ ಹಳ್ಳಿಗಳ ಹಳೆಯ ಸಂಕಟ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ಹಟ್ಟಿಯ ಚಿನ್ನದ ಪಟ್ಟಿಯ ಸುತ್ತಲಿನ ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಆರ್ಸೆನಿಕ್ ಕೂಡ ಪತ್ತೆಯಾಗಿದೆ. ಇಂಥ ಕಡೆ ಆರ್‌ಒ ಆಡಂಬರವಲ್ಲ. ಸರ್ಕಾರ ಹಳ್ಳಿಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಸ್ಥಾಪಿಸಿರುವುದೂ ಇದೇ ತಂತ್ರದ ಮೇಲೆ. ಚಾವಣಿಯ ಮಳೆನೀರನ್ನು ಶುಚಿಯಾಗಿ ಹಿಡಿದಿಟ್ಟು ಕುಡಿಯಲು ಬಳಸುವುದೂ ಈ ಸೀಮೆಗೆ ಒಳ್ಳೆಯ ದಾರಿಯೇ, ಏಕೆಂದರೆ ಬಂಡೆಯನ್ನು ಮುಟ್ಟದ ನೀರಿನಲ್ಲಿ ಬಂಡೆಯ ಫ್ಲೋರೈಡ್ ಇರುವುದಿಲ್ಲ.

ಮಲೆನಾಡು ಮತ್ತು ಕರಾವಳಿಯ ಬಾವಿಗಳ ಸ್ಥಿತಿ ಇದಕ್ಕೆ ವಿರುದ್ಧವಾದದ್ದು. ಧಾರಾಳ ಮಳೆ ಮತ್ತು ಲವಣ ತೊಳೆದುಹೋದ ಜಂಬಿಟ್ಟಿಗೆ ಮಣ್ಣಿನಿಂದಾಗಿ ಅಲ್ಲಿನ ನೀರು ಸಾಮಾನ್ಯವಾಗಿ ಮೃದು, ಟಿಡಿಎಸ್ ಬಹಳ ಕಡಿಮೆ. ತೊಂದರೆ ಬರುವುದಾದರೆ ಕಬ್ಬಿಣದಿಂದ, ಇಲ್ಲವೇ ಶೌಚಗುಂಡಿ ಬಾವಿಗೆ ತೀರ ಹತ್ತಿರ ಇರುವುದರಿಂದ. ಅಲ್ಲಿಗೆ ಆರ್‌ಒ ಹಾಕುವುದೆಂದರೆ ಇಲ್ಲದ ಲವಣವನ್ನು ತೆಗೆಯಲು ಇರುವ ನೀರನ್ನು ಚೆಲ್ಲಿದಂತೆ. ಕಡಲ ತಡಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪು ನೀರು ನುಗ್ಗುವ ಬಾವಿಗಳು ಮಾತ್ರ ಇದಕ್ಕೆ ಹೊರತು. ಕಾವೇರಿ, ತುಂಗಭದ್ರಾ ಮುಂತಾದ ನದಿಗಳ ನೀರನ್ನು ಶುದ್ಧೀಕರಿಸಿ ಪೂರೈಸುವ ಊರುಗಳಲ್ಲಿಯೂ ಟಿಡಿಎಸ್ ಸಾಮಾನ್ಯವಾಗಿ 500ರ ಮಿತಿಗಿಂತ ಸಾಕಷ್ಟು ಕೆಳಗಿರುತ್ತದೆ. ಅಲ್ಲಿ ಉಳಿಯುವ ಅಪಾಯ ಹಳೆಯ ಕೊಳವೆಗಳಲ್ಲಿ, ತೊಳೆಯದ ಸಂಪು ಮತ್ತು ಮೇಲ್ತೊಟ್ಟಿಗಳಲ್ಲಿ ಸೇರಿಕೊಳ್ಳುವ ಸೂಕ್ಷ್ಮಜೀವಿಗಳದ್ದು.

ಸೂಕ್ಷ್ಮಜೀವಿಗಳಿಗೆ ಬೇರೆ ಮದ್ದುಗಳಿವೆ. ಯುವಿ ಯಂತ್ರದ ದೀಪ ಸುಮಾರು 254 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬೆಳಕನ್ನು ಬೀರಿ ಜೀವಾಣುಗಳ ಸಂತಾನ ಬೆಳೆಯದಂತೆ ಮಾಡುತ್ತದೆ. ನೀರು ಕದಡಿದ್ದರೆ ಕಣಗಳ ನೆರಳಿನಲ್ಲಿ ಜೀವಾಣುಗಳು ಉಳಿದುಕೊಳ್ಳುವುದರಿಂದ ಅದಕ್ಕೆ ಮುಂಚೆ ಸೋಸುವಿಕೆ ಅಗತ್ಯ. ಯುಎಫ್ ಎಂಬುದು ಸುಮಾರು 0.01 ಮೈಕ್ರಾನ್ ರಂಧ್ರಗಳ ಟೊಳ್ಳು ಎಳೆಗಳ ಕಟ್ಟು. ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಲವಣಗಳನ್ನು ಬಿಡುತ್ತದೆ, ಅನೇಕ ಮಾದರಿಗಳಲ್ಲಿ ವಿದ್ಯುತ್ತನ್ನೂ ಕೇಳುವುದಿಲ್ಲ. ಇವೆರಡೂ ನೀರನ್ನು ಚೆಲ್ಲುವುದಿಲ್ಲ. ನೀರನ್ನು ಮರಳುವವರೆಗೆ ಕಾಯಿಸಿ ಆರಿಸಿ ಮುಚ್ಚಿಡುವ ಹಳೆಯ ಪದ್ಧತಿಯೂ ಈ ಕೆಲಸಕ್ಕೆ ಇಂದಿಗೂ ಸಮರ್ಥವೇ. ಇನ್ನು ಸ್ನಾನದ ನೀರಿನ ಗಡಸುತನ, ಗೀಸರಿನ ಕಾಯಿಲ್ ಮೇಲೆ ಕಟ್ಟುವ ಪದರ ಇವುಗಳ ಪರಿಹಾರ ಆರ್‌ಒ ಅಲ್ಲ, ಸಾಫ್ಟ್‌ನರ್. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುವುದರಿಂದ ಟಿಡಿಎಸ್ ಇಳಿಯುವುದಿಲ್ಲವೆಂಬುದು ಅಪಾರ್ಟ್‌ಮೆಂಟುಗಳಲ್ಲಿ ಬಹಳ ಜನಕ್ಕೆ ತಿಳಿದಿರುವುದಿಲ್ಲ.

ಆರ್‌ಒ ಚೆಲ್ಲುವ ನೀರಿನ ಲೆಕ್ಕವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಪೊರೆ ತಡೆದ ಲವಣಗಳು ಅಲ್ಲಿಯೇ ನಿಂತರೆ ಪೊರೆ ಮುಚ್ಚಿಹೋಗುವುದರಿಂದ, ಅವುಗಳನ್ನು ತೊಳೆದೊಯ್ಯಲು ಒಂದಷ್ಟು ನೀರು ಸದಾ ಹೊರಗೆ ಹರಿಯಲೇಬೇಕು. ಮನೆಗಳಲ್ಲಿರುವ ಅನೇಕ ಯಂತ್ರಗಳು ಒಳಹೋದ ನಾಲ್ಕು ಲೀಟರಿನಲ್ಲಿ ಒಂದನ್ನು ಕೊಟ್ಟು ಮೂರನ್ನು ಹೊರಬಿಡುತ್ತವೆ. ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್ ಬಳಸುವ ಸಂಸಾರ ಈ ದರದಲ್ಲಿ ದಿನಕ್ಕೆ 60 ಲೀಟರ್, ವರ್ಷಕ್ಕೆ ಸುಮಾರು 22,000 ಲೀಟರ್ ನೀರನ್ನು ಚರಂಡಿಗೆ ಕಳಿಸುತ್ತದೆ. 6,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಇದು ಮೂರೂವರೆ ಟ್ಯಾಂಕರಿಗೂ ಹೆಚ್ಚು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನ ಕ್ಯಾನ್ ಹಿಡಿದು ನೀರಿನ ಘಟಕಗಳ ಮುಂದೆ ಸಾಲು ನಿಂತ ಬೆಂಗಳೂರಿನಲ್ಲಿ, ನದಿ ನೀರು ಬರುವ ಮನೆಗಳೂ ಈ ಪ್ರಮಾಣವನ್ನು ಚೆಲ್ಲುತ್ತಿರುವುದು ನೋವಿನ ಸಂಗತಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸುವಂತೆಯೂ, ಉಳಿದೆಡೆ ಕನಿಷ್ಠ ನೂರಕ್ಕೆ 60ರಷ್ಟು ನೀರು ಬಳಕೆಗೆ ದಕ್ಕುವಂತೆಯೂ ನಿಯಮ ರೂಪಿಸಲು ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿದ್ದರ ಹಿಂದೆ ಇದೇ ಕಳವಳ ಇತ್ತು.

ಆದುದರಿಂದ ಆರ್‌ಒ ಬೇಕೇ ಬೇಕೆಂದು ಪರೀಕ್ಷೆಯಿಂದ ಖಚಿತವಾದ ಮೇಲೆ, ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ನೀರು ದಕ್ಕುತ್ತದೆಂಬುದು. ಹೆಚ್ಚು ದಕ್ಕಿಸುವ ಯಂತ್ರಗಳು ಈಗ ಲಭ್ಯವಿವೆ. ಆದರೆ ಇಲ್ಲೊಂದು ಮಿತಿಯನ್ನೂ ಅರಿತಿರಬೇಕು: ನಾಲ್ಕರಲ್ಲಿ ಒಂದು ಪಾಲು ಮಾತ್ರ ತೆಗೆದಾಗ ಹೊರಹೋಗುವ ನೀರಿನ ಲವಣ ಮೂಲದ ಸುಮಾರು 1.3 ಪಟ್ಟು ಆಗುತ್ತದೆ, ನೂರಕ್ಕೆ 60 ಪಾಲು ತೆಗೆದಾಗ ಅದು 2.5 ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಬಹಳ ಗಡಸಾದ ನೀರಿನಲ್ಲಿ ಇಷ್ಟು ಸಾಂದ್ರತೆ ಬಂದರೆ ಪೊರೆಯ ಮೇಲೆ ಸುಣ್ಣದ ಪದರ ಬೇಗ ಕಟ್ಟುತ್ತದೆ. ಹೊರಹೋದ ನೀರನ್ನು ಬಕೆಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ, ಪಾತ್ರೆಯ ಮೊದಲ ತೊಳೆತಕ್ಕೆ ಬಳಸಬಹುದು. ಮೂಲ ನೀರೇ ಉಪ್ಪಾಗಿದ್ದರೆ ಕುಂಡದ ಗಿಡಗಳಿಗೆ ಅದನ್ನೇ ದಿನವೂ ಹಾಕುತ್ತ ಹೋಗುವುದು ಸರಿಯಲ್ಲ, ಮಣ್ಣಿನಲ್ಲಿ ಲವಣ ನಿಲ್ಲುತ್ತದೆ.

ಯಂತ್ರದ ಒಳಗೆ ನೀರು ಮೊದಲು 5 ಮೈಕ್ರಾನ್ ಆಸುಪಾಸಿನ ಕಣಗಳನ್ನು ತಡೆಯುವ ಸೋಸಕವನ್ನೂ, ಆಮೇಲೆ ಸಕ್ರಿಯ ಇಂಗಾಲದ ಸೋಸಕವನ್ನೂ ಹಾಯುತ್ತದೆ. ಇಂಗಾಲವು ವಾಸನೆಯ ಜೊತೆಗೆ ಕ್ಲೋರಿನ್ನನ್ನೂ ಹೀರಿ ಪೊರೆಯನ್ನು ಕಾಯುತ್ತದೆ. ಮೇಲ್ತೊಟ್ಟಿ ಐದು ಮೀಟರ್ ಎತ್ತರದಲ್ಲಿದ್ದರೆ ನಲ್ಲಿಗೆ ಸಿಗುವ ಒತ್ತಡ ಅರ್ಧ ವಾತಾವರಣದಷ್ಟು ಮಾತ್ರ. ಟಿಡಿಎಸ್ 1000 ಇರುವ ನೀರಿನ ಸಹಜ ಅಭಿಸರಣ ಒತ್ತಡವೇ ಸುಮಾರು 0.7 ವಾತಾವರಣ ಇರುವುದರಿಂದ, ಅದನ್ನು ಮೀರಿ ನೀರನ್ನು ತಳ್ಳಲು ಯಂತ್ರದೊಳಗೊಂದು ಪಂಪು ಇರಲೇಬೇಕು. ಪೊರೆಯ ಮೇಲೆ 75 ಜಿಪಿಡಿ ಎಂದಿದ್ದರೆ ದಿನಕ್ಕೆ 75 ಅಮೆರಿಕನ್ ಗ್ಯಾಲನ್, ಅಂದರೆ ಗಂಟೆಗೆ 12 ಲೀಟರಿನಷ್ಟು ಎಂದರ್ಥ. ನಾಲ್ಕೈದು ಜನರ ಮನೆಗೆ ಅದು ಧಾರಾಳ. ಏಳು ಹಂತ, ಒಂಬತ್ತು ಹಂತ ಎಂಬ ಎಣಿಕೆಗಳಿಂದ ಗುಣಮಟ್ಟ ತಿಳಿಯುವುದಿಲ್ಲ. ನೀರನ್ನು ಕ್ಷಾರೀಯಗೊಳಿಸಿ ರೋಗ ಗುಣಪಡಿಸುತ್ತೇವೆನ್ನುವ ಸೇರ್ಪಡೆಗಳಿಗಂತೂ ಹಣ ತೆರಬೇಕಾಗಿಲ್ಲ, ಜಠರದ ಆಮ್ಲ ಆ ಕ್ಷಾರವನ್ನು ಕ್ಷಣದಲ್ಲಿ ಕಳೆಯುತ್ತದೆ. ಗೃಹಬಳಕೆಯ ಆರ್‌ಒ ಯಂತ್ರಗಳಿಗೆಂದೇ ಇರುವ ಐಎಸ್ 16240 ಮಾನಕದ ಗುರುತು ಯಂತ್ರದ ಮೇಲಿದೆಯೇ ಎಂದು ನೋಡುವುದು ಹೆಚ್ಚು ಪ್ರಯೋಜನಕರ.

ಎಚ್ಚರ ವಹಿಸಬೇಕಾದ ಭಾಗವೆಂದರೆ ಟಿಡಿಎಸ್ ಕಂಟ್ರೋಲರ್. ಹೆಸರು ಕೇಳಿದರೆ ಏನೋ ಸೂಕ್ಷ್ಮ ನಿಯಂತ್ರಣವೆಂದು ತೋರಿದರೂ ಬಹುತೇಕ ಯಂತ್ರಗಳಲ್ಲಿ ಅದು ಒಂದು ಸಣ್ಣ ತಿರುಪು. ಪೊರೆಯನ್ನು ಹಾಯದ ಒಂದಿಷ್ಟು ನೀರನ್ನು ಪಕ್ಕದ ದಾರಿಯಿಂದ ತಂದು ಆರ್‌ಒ ನೀರಿಗೆ ಬೆರೆಸುತ್ತದೆ. ನೀರು ತೀರ ಸಪ್ಪೆಯಾಗದಿರಲಿ ಎಂಬುದು ಉದ್ದೇಶ. ಮೂಲ ನೀರಿನ ದೋಷ ಬರೀ ಗಡಸುತನವಾಗಿದ್ದರೆ ಇದರಿಂದ ಬಾಧಕವಿಲ್ಲ, ಬೆರೆತ ನೀರು ಯುವಿ ಅಥವಾ ಯುಎಫ್ ದಾಟಿ ಬಂದರೆ ಸಾಕು. ಆದರೆ ದೋಷ ಫ್ಲೋರೈಡ್, ನೈಟ್ರೇಟ್ ಅಥವಾ ಆರ್ಸೆನಿಕ್ ಆಗಿದ್ದಲ್ಲಿ, ಯಾವುದನ್ನು ತೆಗೆಯಲೆಂದು ಯಂತ್ರ ತಂದದ್ದೋ ಅದೇ ವಸ್ತು ಈ ತಿರುಪಿನ ಮೂಲಕ ಕುಡಿಯುವ ಲೋಟಕ್ಕೆ ಮರಳುತ್ತದೆ. ಪಾವಗಡದಂಥ ಕಡೆ ಈ ದಾರಿಯನ್ನು ಪೂರ್ತಿ ಮುಚ್ಚಿಸಿ, ಖನಿಜ ಬೇಕೆನಿಸಿದರೆ ಪೊರೆಯ ನಂತರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸುವ ಕಾರ್ಟ್ರಿಜ್ ಇರುವ ಮಾದರಿಯನ್ನು ಆರಿಸಬೇಕು. ಆ ಸೇರ್ಪಡೆ ನಿರರ್ಥಕವಲ್ಲ: ದೇಹಕ್ಕೆ ಬೇಕಾದ ಖನಿಜಗಳ ಬಹುಪಾಲು ರಾಗಿ, ಸೊಪ್ಪು, ಹಾಲುಗಳಿಂದ ಬರುತ್ತದಾದರೂ ನೀರಿನಿಂದ ಬರುವ ಪಾಲೂ ಉಪಯುಕ್ತವೇ, ಮತ್ತು ಖನಿಜವಿಲ್ಲದ ನೀರಿನಲ್ಲಿ ಬೇಯಿಸಿದ ತರಕಾರಿ ತನ್ನ ಖನಿಜಗಳನ್ನು ಆ ನೀರಿಗೆ ಹೆಚ್ಚಾಗಿ ಬಿಟ್ಟುಕೊಡುತ್ತದೆ. ನೈಟ್ರೇಟ್ ಮತ್ತು ಆರ್ಸೆನಿಕ್‌ನ ಒಂದು ರೂಪ ಇತರ ಲವಣಗಳಿಗಿಂತ ಸುಲಭವಾಗಿ ಪೊರೆಯನ್ನು ದಾಟುವುದರಿಂದ, ಇವು ಇರುವ ಊರಿನಲ್ಲಿ ಯಂತ್ರದಿಂದ ಹೊರಬಂದ ನೀರನ್ನೂ ಪ್ರಯೋಗಾಲಯಕ್ಕೆ ಕಳಿಸಿ ನೋಡಬೇಕು.

ಕೊಂಡ ಮೇಲಿನ ನಿಗಾ ಆಯ್ಕೆಯಷ್ಟೇ ಮುಖ್ಯ. ಟಿಡಿಎಸ್ ಮೀಟರಿಗೆ ನಿಜವಾದ ಕೆಲಸ ಇಲ್ಲಿದೆ. ಒಳಹೋಗುವ ನೀರು 900, ಹೊರಬರುವ ನೀರು 60 ಇದ್ದರೆ ಪೊರೆ ನೂರಕ್ಕೆ 93ರಷ್ಟನ್ನು ತಡೆಯುತ್ತಿದೆ ಎಂದರ್ಥ. ಯಂತ್ರ ಹೊಸದಿದ್ದಾಗಿನ ಈ ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟು ತಿಂಗಳಿಗೊಮ್ಮೆ ಹೋಲಿಸಿದರೆ, ಪೊರೆ ಬದಲಿಸುವ ಕಾಲ ಬಂದಿದೆಯೇ ಎಂಬುದನ್ನು ಸರ್ವೀಸಿನವರ ಮಾತಿಗೆ ಕಾಯದೆ ಮನೆಯವರೇ ಹೇಳಬಹುದು. ರಾತ್ರಿಯಿಡೀ ನಿಂತ ಯಂತ್ರದ ಮೊದಲ ನೀರಿನಲ್ಲಿ ಲವಣ ಹೆಚ್ಚು ತೋರುವುದು ಸಹಜವಾದ್ದರಿಂದ ಐದಾರು ನಿಮಿಷ ಓಡಿಸಿ ಅಳೆಯಬೇಕು. ಸೋಸಕಗಳ ಆಯುಷ್ಯ ನೀರಿನ ಕೊಳೆಯನ್ನು ಅವಲಂಬಿಸಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ, ಪೊರೆಯದು ಎರಡು ಮೂರು ವರ್ಷ. ಯುವಿ ದೀಪ ಉರಿಯುತ್ತಿದ್ದರೂ ಸುಮಾರು 8,000 ಗಂಟೆಗಳ ನಂತರ ಅದರ ಬಲ ಕುಂದಿರುತ್ತದೆ. ಕ್ಲೋರಿನ್ ಕಳೆದುಕೊಂಡ ನೀರು ತೊಟ್ಟಿಯಲ್ಲಿ ಹಲವು ದಿನ ನಿಂತರೆ ಜೀವಾಣುಗಳು ಮತ್ತೆ ಬೆಳೆಯುವುದರಿಂದ, ಊರಿಗೆ ಹೋಗಿ ಬಂದ ಮೇಲೆ ತೊಟ್ಟಿಯನ್ನು ಖಾಲಿ ಮಾಡಿ ತೊಳೆಯದೆ ಬಳಸಬಾರದು. ಬಿಡಿಭಾಗ ಸಿಗದ, ತಿಳಿದ ಮೆಕ್ಯಾನಿಕ್ ಬಾರದ ಊರಿನಲ್ಲಿ ಅತಿ ಆಧುನಿಕ ಮಾದರಿಗಿಂತ ಎಲ್ಲ ಕಡೆ ಸಿಗುವ ಅಳತೆಯ ಸೋಸಕಗಳನ್ನು ಬಳಸುವ ಸಾದಾ ಯಂತ್ರವೇ ಲೇಸು.

ಒಮ್ಮೆ ಮಾಡಿದ ಆಯ್ಕೆ ಶಾಶ್ವತವೂ ಅಲ್ಲ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಕಾವೇರಿ ಐದನೆಯ ಹಂತ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ ನದಿ ನೀರನ್ನು ತಲುಪಿಸುವ ಉದ್ದೇಶದ್ದು; ಅಲ್ಲಿ ಟಿಡಿಎಸ್ 1000 ದಾಟುವ ಕೊಳವೆಬಾವಿಯ ನೀರಿಗಾಗಿ ಆರ್‌ಒ ಹಾಕಿಸಿಕೊಂಡ ಮನೆಗೆ ಹೊಸ ಸಂಪರ್ಕ ಬಂದರೆ ಆ ಯಂತ್ರದ ಅಗತ್ಯವೇ ಬದಲಾಗುತ್ತದೆ. ಕುಡಿಯುವ ನೀರಿಗೆ ಕಾವೇರಿಯನ್ನು ಪ್ರತ್ಯೇಕ ಸಣ್ಣ ತೊಟ್ಟಿಯಲ್ಲಿ ಹಿಡಿದು, ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನು ಸಂಪಿನಲ್ಲಿಯೇ ಬಿಟ್ಟು ಬಳಕೆಗೆ ಇಟ್ಟುಕೊಂಡರೆ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಪೊರೆಯ ಮುಂದಿನ ಖರ್ಚನ್ನು ನಿಲ್ಲಿಸಿ ಯುವಿ ಅಥವಾ ಯುಎಫ್‌ಗೆ ಬದಲಾಯಿಸಿಕೊಳ್ಳಲು ಅಡ್ಡಿಯಿಲ್ಲ. ಹಾಗೆ ಬೇರ್ಪಡಿಸಲು ಬೇಕಾಗುವುದು ಒಂದು ಹೆಚ್ಚಿನ ಕೊಳವೆ, ಒಂದು ವಾಲ್ವು ಮತ್ತು ಪ್ಲಂಬರಿನ ಒಂದು ದಿನದ ಕೂಲಿ.